ಕಂಟ್ರೋಲರಿಗೆ ಹೊಲಿದ ಕವಚ

ಮಂಗಳವಾರ, ಹನ್ನೆರಡನೇ ತಾರೀಖು

ಚಿರಂಜೀವಿ ಚೂಟಿಗೆ ಅಜ್ಜಿಯ ಆಶೀರ್ವಾದ.

ಬರೆಯಲು ಕೂತು ಕೂತು ಎದ್ದೆ, ಅದಕ್ಕೇ ತಡವಾಯಿತು. ನೀನು ಫೋನ್ ಎತ್ತುವುದಿಲ್ಲ, ಹಾಗಾಗಿ ಕಾಗದ. ತಾತನ ಕೆಮ್ಮು ಇಳಿದಿದೆ. ನನ್ನ ಹೊಲಿಗೆ ಯಂತ್ರದ ಬೆಲ್ಟು ಹರಿದು ಅಂಗಡಿ ಮುಚ್ಚಿದೆ.

ನಿನ್ನೆ ನಿಮ್ಮ ಕಾಲೇಜಿನ ವರ್ಕ್‌ಶಾಪಿಗೆ ಹೋಗಿದ್ದೆ. ಸ್ಪರ್ಧೆಯ ನಡುವೆ ರೋಬೋ ನಿಂತುಹೋದದ್ದಕ್ಕೆ ನಿನ್ನನ್ನು ತಂಡದ ನಾಯಕಿಯ ಸ್ಥಾನದಿಂದ ಇಳಿಸುತ್ತಾರೆಂದು ಕೇಳಿದ ಮೇಲೆ ಸುಮ್ಮನೆ ಕೂರುವವಳಲ್ಲ ನಾನು. ಮೇಷ್ಟ್ರ ಮುಂದೆ ನಿಂತು, ಆ ಬಟ್ಟೆಯ ಕವಚ ಹೊಲಿದವಳು ನಾನು, ಹುಡುಗಿಯ ತಪ್ಪಲ್ಲ ಎಂದೆ. ಲೋಹದ ಪುಡಿ ಬಿದ್ದರೆ ಕಂಟ್ರೋಲರ್ ಶಾರ್ಟ್ ಆಗುತ್ತದೆಂದು ಊಟಕ್ಕೆ ಕೂತಾಗ ನೀನೇ ಹೇಳಿದ್ದೆ. ಗಾಳಿ ಕೂಡ ನುಸುಳದ ಹಾಗೆ ಎರಡು ಪದರ ಹೊಲಿದುಕೊಟ್ಟೆ. "ಸರಿಯಾಗಿ ಕೂತಿದೆ ಅಜ್ಜಿ" ಅಂದೆ ನೀನು.

ಮೇಷ್ಟ್ರು ಸುಟ್ಟ ಕಂಟ್ರೋಲರನ್ನು ನನ್ನ ಅಂಗೈಯಲ್ಲಿಟ್ಟರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಮೋಟಾರಿಗೆ ಎಷ್ಟು ಕರೆಂಟು ಬಿಡಬೇಕೆಂದು ನೋಡಿಕೊಳ್ಳುವ ಇದು ದುಡಿದಷ್ಟೂ ಬಿಸಿಯಾಗುತ್ತದಂತೆ. ಪುಡಿಯೂ ಬೀಳಬಾರದು, ಗಾಳಿಯೂ ನಿಲ್ಲಬಾರದು. ಅದಕ್ಕೇ ಕೆಳಗೆ ಅಲ್ಯೂಮಿನಿಯಂ ತಟ್ಟೆ, ಪಕ್ಕದಲ್ಲಿ ಸಣ್ಣ ಫ್ಯಾನು, ಫ್ಯಾನಿನ ಬಾಯಿಗೆ ಜಾಲರಿ ಇರಬೇಕಂತೆ.

"ಇದೆಲ್ಲ ನಿಮ್ಮ ಮೊಮ್ಮಗಳಿಗೆ ಚೆನ್ನಾಗಿ ಗೊತ್ತಮ್ಮಾ. ಗೊತ್ತಿದ್ದೂ ಹೀಗೆ ಮಾಡಿದಳಲ್ಲ ಅನ್ನೋದೇ ಹುಡುಗರ ಸಿಟ್ಟು" ಅಂದರು. ತೀರ್ಮಾನ ತಂಡದ್ದು, ತಮ್ಮ ಕೈಯಲ್ಲಿಲ್ಲವಂತೆ.

ಗುರುವಾರ ಅವರೆಲ್ಲ ಕೂತು ಮಾತಾಡುತ್ತಾರೆ. ನೀನು ಹೋಗು. ಹಾಸ್ಟೆಲ್ ಕೋಣೆಯಲ್ಲಿ ಮುಸುಕು ಹೊದ್ದು ಮಲಗುವುದು ನಮ್ಮ ಮನೆತನದಲ್ಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳು, ನನ್ನ ಹೆಸರನ್ನೂ ಹೇಳು. ಒಂದು ತುಂಡು ಬಟ್ಟೆಯಿಂದ ಹೋಗುವ ಮಾನವಲ್ಲ ನನ್ನದು.

ಹೊತ್ತಿಗೆ ಸರಿಯಾಗಿ ಉಣ್ಣು. ಹಿಡಿದ ಕೆಲಸ ನಿನಗೆ ಒಲಿಯಲಿ, ತಲೆಯೆತ್ತಿ ಬಾಳು.

ಇತಿ,
ನಿನ್ನ ಅಜ್ಜಿ

ಇನ್ನೊಂದು ಮಾತು: ನಿನ್ನ ಆ ಗುಂಗುರು ಕೂದಲಿನ ಗೆಳತಿ ಗೇಟಿನ ತನಕ ಬಂದಳು. ಫ್ಯಾನು, ಜಾಲರಿ ಕೂರಿಸಿದ ಮುಚ್ಚಳವನ್ನು ನೀನೇ ಮೊದಲೇ ಮಾಡಿಟ್ಟಿದ್ದೆಯಂತೆ. ಪಂದ್ಯಕ್ಕೆ ಮುಂಚೆ ಅವಳು, "ಆ ಬಟ್ಟೆ ತೆಗಿಯೇ, ಸುಟ್ಟುಹೋಗುತ್ತೆ" ಅಂದಳಂತೆ. "ಅಜ್ಜಿ ಎದುರಿಗೇ ಕೂತಿದ್ದಾರೆ ಕಣೇ, ತೆಗೆದರೆ ನನ್ನನ್ನ ಬಿಡಲ್ಲ. ಸುಟ್ಟರೆ ಸುಡ್ಲಿ" ಅಂದೆಯಂತೆ ನೀನು. ಆಮೇಲೆ ನನ್ನ ಕಡೆ ತಿರುಗಿ ಕೈಬೀಸಿದೆ. ನಾನೂ ಬೀಸಿದೆ. ಮನೆಮಂದಿಯೆಲ್ಲ ನನ್ನ ಮಾತಿಗೆ ಹೂಂ ಅನ್ನುವುದು ಪ್ರೀತಿಯಿಂದ ಎಂದುಕೊಂಡಿದ್ದೆ, ಇಷ್ಟು ವರ್ಷ.