ಯಕೃತ್ತಿನ ಕಾವಲುಗಾರರು

ಅಕ್ಕಾ, ಇದೋ ನಿನ್ನ ತಮ್ಮನ ಸಾಷ್ಟಾಂಗ!

ಇಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸೂಜಿ ಚುಚ್ಚಿ ತೆಗೆದ ನನ್ನ ಯಕೃತ್ತಿನ ಚೂರನ್ನು ಪರದೆಯ ಮೇಲೆ ಊರಗಲ ಮಾಡಿ ತೋರಿಸಿದರು. ಎಲ್ಲೆಲ್ಲೂ ಗಾಯದ ಕಲೆ!

"ಯಾರವನು ದ್ರೋಹಿ?" ಎಂದು ಗರ್ಜಿಸಿದೆ.

"ಮೆಲ್ಲಗೆ ಯಜಮಾನ್ರೇ! ನಿಮ್ಮನ್ನ ಕಾಯೋ ಜೀವಕೋಶಗಳೇ. ಮೈಯೊಳಗಿನ ಆರ್‌ಎನ್‌ಎ ಅನ್ನೋ ಪುಟ್ಟ ಅಣುಗಳು ಕೆರಳಿಸಿದ್ರೆ, ಆ ಕಾವಲು ಕೋಶಗಳೇ ಕಲೆ ಹೆಚ್ಚಿಸ್ತವೆ."

ಬೇಲಿಯೇ ಎದ್ದು ಹೊಲ ಮೇಯ್ದ ಕಥೆ! ನಾನು ನಂಬಲಿಲ್ಲ. "ಬೇರೆ ಔಷಧಿ ಏನಾದ್ರೂ ತಗೋತೀರಾ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ ಎದೆ ತಟ್ಟಿ ಇಲ್ಲವೆಂದೆ. ಕೋಣೆಗೆ ಬಂದಾಗ, ದಿನಾ ನುಂಗಲೆಂದು ನೀನು ಕಟ್ಟಿಕೊಟ್ಟ ಪುಡಿಯ ಡಬ್ಬಿ ಕಣ್ಣಿಗೆ ಬಿತ್ತು. ಅದರಲ್ಲಿ ಯಾವ ಬೇರು ಅರೆದಿದ್ದೀಯೆ? ನಿಜ ಬರೆ. ಡಬ್ಬಿ ಈಗ ಡಾಕ್ಟರಮ್ಮನ ಕೈಯಲ್ಲಿದೆ.

ಊಟ ಸೇರುತ್ತಿದೆ, ಕಾಲಿನ ಬಾವು ಇಳಿದಿಲ್ಲ. ಭಾವನಿಗೂ ದಿನಾ ಅದೇ ಪುಡಿ ಕಲಸಿ ಕೊಡುತ್ತೀಯಲ್ಲ, ಈ ಕಾರ್ಡು ಓದಿದ ಕೂಡಲೇ ನಿಲ್ಲಿಸು!

ಅವಸರದಲ್ಲಿ,
ನಿನ್ನ ತಮ್ಮ