ಬಾಲ್ಕನಿಯ ಬಿಸಿಲು

ಪುತ್ತೂರು, ಶನಿವಾರ

ಚಿಗವ್ವಗೆ ನಮಸ್ಕಾರ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ, ಬಾಲ್ಕನಿಯ ತಂತಿಯ ಮೇಲೆ ಹಾಕಿದ್ದ ನನ್ನ ಹಸಿ ಚೂಡಿದಾರ ಅಡುಗೆಮನೆಯ ಬಾಗಿಲ ಮೇಲೆ ನೇತಾಡುತ್ತಿತ್ತು. ಬಾಲ್ಕನಿಯಲ್ಲಿ ಮನೆ ಓನರ್ ಜಲಜಕ್ಕ ಕುಕ್ಕರಗಾಲಲ್ಲಿ ಕುಳಿತು ಅಡಿಕೆ ಹರಡುತ್ತಿದ್ದರು. ಈ ಫ್ಲ್ಯಾಟಿನ ಇನ್ನೊಂದು ಕೀಲಿಕೈ ಅವರ ಹತ್ತಿರವೇ ಇದೆ. ಪೆರಾಬೆ ಎಂಬ ಹಳ್ಳಿಯಲ್ಲಿರುವ ಅವರ ತೋಟದ ಮನೆಯ ಅಂಗಳಕ್ಕೆ ಬಿಸಿಲು ಸಾಲುವುದಿಲ್ಲವಂತೆ, ಹಾಗಾಗಿ ಬೆಳೆಯೆಲ್ಲ ಒಣಗುವುದು ಈ ಕಟ್ಟಡದಲ್ಲಿ. ಟೆರೇಸು ತುಂಬಿ, ಈಗ ನನ್ನ ಬಾಲ್ಕನಿಗೆ ಇಳಿದಿದೆ.

“ಎದ್ದಿಯಾ? ನಿನ್ನ ಬಟ್ಟೆಯ ನೆರಳು ಅಡಿಕೆಗೆ ಬೀಳ್ತಾ ಇತ್ತು ಮಾರಾಯ್ತಿ,” ಎಂದರು.

“ನಾನು ಬಟ್ಟೆ ಎಲ್ಲಿ ಒಣಗಿಸಲಿ ಅಕ್ಕಾ?”

“ಒಳಗೆ ಫ್ಯಾನ್ ಉಂಟಲ್ಲ! ನೀನು ಬಾಡಿಗೆ ಕೊಡುದು ಮನೆಗೆ, ಬಿಸಿಲಿಗಲ್ಲ.”

ಹೇಳಿ ನಕ್ಕರು. ನಾನೂ ನಕ್ಕುಬಿಟ್ಟೆ. ಸಾಲದ್ದಕ್ಕೆ ನೈಟಿಯಲ್ಲೇ ನಿಂತು ಅವರಿಗೆ ಚಹಾ ಮಾಡಿಕೊಟ್ಟೆ. ಈಗ ಮೈಯೆಲ್ಲ ಉರಿಯುತ್ತಿದೆ. ಬಾಡಿಗೆ ಕೊಟ್ಟೂ ನನ್ನದು ಎನ್ನುವ ಬಾಗಿಲಿಲ್ಲ. ಬೆಳಗಾದರೆ ಯಾರು ಒಳಗೆ ಬಂದರೋ ಎಂದು ಹಾಸಿಗೆಯಲ್ಲೇ ಕಿವಿಗೊಟ್ಟು ಮಲಗಿರುತ್ತೇನೆ. ಅವರು ಬೇಸರ ಮಾಡಿಕೊಂಡಾರು ಎಂದು ಇಷ್ಟು ದಿನ ಒಳಚಿಲಕವನ್ನೂ ಹಾಕಿರಲಿಲ್ಲ.

ಕೆಮ್ಮು ಇಳಿದಿದೆ, ಕಾಲೇಜಿನಲ್ಲಿ ಪಾಠ ಚೆನ್ನಾಗಿ ನಡೆದಿದೆ. ಶೇಂಗಾ ಚಟ್ನಿಪುಡಿ ಮುಗಿಯಿತು, ಈ ಕಡೆ ಬರುವವರಿದ್ದರೆ ಕಳಿಸು.

ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ನಾಳೆ ಭಾನುವಾರ, ಅಡಿಕೆ ಮಗುಚಲು ಜಲಜಕ್ಕ ಬೇಗನೆ ಬರುತ್ತಾರಂತೆ. ರಾತ್ರಿ ಚಿಲಕ ಹಾಕಿ ಮಲಗುತ್ತೇನೆ. ಬೆಲ್ ಒತ್ತಲಿ. ಸ್ನಾನ ಮುಗಿಸಿ, ತಲೆ ಬಾಚಿಕೊಂಡ ಮೇಲೆಯೇ ನಾನು ಬಾಗಿಲು ತೆಗೆಯುವುದು.

ನಿನ್ನ ಸುಮಂಗಲಾ