ಒಣ ಸೌದೆ

ಸಿಸಿಲಿ, ನಿನ್ನ ಸೋದರಮಾವ ಹ್ಯಾಮನ್ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ ಎಂದು ನಗಬೇಡ. ಈ ಊರಿನ ಸೌದೆ ಮಾರುವವರಲ್ಲಿ ಇಷ್ಟು ಬರೆಯಬಲ್ಲವನು ನಾನೊಬ್ಬನೇ.

ಪಾದ್ರಿಗಳ ಮಾತು ಮೀರಿದವರನ್ನೆಲ್ಲ ಸುಡಿಸುತ್ತ ಐದು ವರ್ಷ ಆಳಿದ ಮೇರಿ ರಾಣಿ ಸತ್ತಳು. ತಂಗಿ ಎಲಿಜಬೆತ್ ಪಟ್ಟಕ್ಕೆ ಬಂದಳೆಂದು ಇವತ್ತು ಚರ್ಚಿನ ಗಂಟೆ ಬಾರಿಸಿ, ಸಂತೆ ಮೈದಾನದಲ್ಲಿ ಬೆಂಕಿ ಹಾಕಿದರು. ನಿನ್ನನ್ನು ಸುಟ್ಟ ಜಾಗದಲ್ಲೇ. ಸೌದೆ ನನ್ನದು. ಒಂದೇ ಕಿಡಿಗೆ ಧಗ್ಗನೆ ಹತ್ತಿಕೊಂಡಿತು.

"ಸೌದೆ ಅಂದ್ರೆ ಇದಪ್ಪಾ!" ಎಂದಳು ಹೆಂಡದಂಗಡಿಯ ಮಾರ್ಜರಿ. "ಏನ್ ಹ್ಯಾಮನ್ನಣ್ಣ, ಇವತ್ತು ಜಂಬ ಕೊಚ್ಕೊಳಲ್ವಾ? ನಾಲಿಗೆ ಬಿದ್ದೋಯ್ತಾ?"

ಅವಳ ಅಂಗಡಿಯಲ್ಲೇ ಅಲ್ಲವೇ ನಾನು ಕೊಚ್ಚಿಕೊಂಡದ್ದು: "ನಮ್ಮಕ್ಕನ ಮಗಳು ಬೈಬಲ್ ತೆಗೆದು ಪಾದ್ರಿ ತಪ್ಪನ್ನೇ ತೋರಿಸ್ತಾಳೆ!" ಮೂರನೇ ದಿನ ರಾಣಿಯ ಜನ ನಿನ್ನನ್ನು ಹಿಡಿದೊಯ್ದರು.

ನಿನ್ನನ್ನು ಸುಟ್ಟ ದಿನ ಮಳೆ. ಅವರ ಸೌದೆ ಹಸಿ. ಬರೀ ಹೊಗೆ, ಉರಿಯೇ ಇಲ್ಲ. ನರಳಾಟ ಬೇಗ ಮುಗಿಯಲೆಂದು ನೆಂಟರು ಒಣ ಸೌದೆ ತಂದುಹಾಕುವುದುಂಟು. ನಿನ್ನ ತಾಯಿ ಓಡಿಬಂದು, "ಒಂದೇ ಒಂದು ಹೊರೆ ಕೊಡೋ ತಮ್ಮಾ" ಎಂದಳು. ನನ್ನನ್ನೂ ಹಿಡಿದಾರೆಂದು ಹೆದರಿ, "ಎಲ್ಲಾ ನೆಂದೋಗಿದೆ ಕಣಕ್ಕ" ಎಂದೆ.

ಇವತ್ತು ಉರಿದದ್ದು ಅದೇ ಸೌದೆ, ಮಗಳೇ. ಕೊಟ್ಟಿಗೆಯಲ್ಲಿ ಅವತ್ತೂ ಒಣಗಿಯೇ ಇತ್ತು.